ದುರ್ವಾಸನೆ ಮರಕ್ಕೆ ಕೊಡಲಿ ಹಾಕುವ ಮುನ್ನ



ಶಿಲೀಂಧ್ರವೆಂದರೆ ನಮಗೆ ನೆನಪಾಗುವುದು ಕಾಫಿಯ ಎಲೆತುಕ್ಕು, ಅಡಿಕೆಯ ಅಣಬೆ ರೋಗ. ವರ್ಷವರ್ಷವೂ ಮೈಲುತುತ್ತಕ್ಕೆ ಹಣ ಸುರಿಯುವ ನಮಗೆ ಬೂಸಿನ ಮೇಲೆ ಪ್ರೀತಿ ಹುಟ್ಟುವುದಾದರೂ ಹೇಗೆ? ಆದರೆ ಮರದ ತೊಗಟೆ, ಎಲೆಗಳ ಒಳಗೆ ಯಾವ ರೋಗವನ್ನೂ ತರದೆ ಬಾಳುವ ಶಿಲೀಂಧ್ರಗಳೂ ಇವೆ. ಅವುಗಳಲ್ಲಿ ಕೆಲವು ಕ್ಯಾನ್ಸರ್ ಔಷಧಿಯ ಮೂಲವಸ್ತುವನ್ನೇ ತಯಾರಿಸುತ್ತವೆಂದು ವಿಜ್ಞಾನಿಗಳು ವರದಿ ಮಾಡಿದ್ದಾರೆ. ಈ ವಿಚಾರ ನಮ್ಮ ತೋಟದ ಅಂಚಿಗೇ ಸಂಬಂಧಿಸಿದ್ದು.

ಹೂವಿನ ನಾತದಿಂದಲೇ ಹೆಸರು ಪಡೆದ ದುರ್ವಾಸನೆ ಮರವನ್ನು ಹಲವರು ಬಲ್ಲಿರಿ. 1966ರಲ್ಲಿ ಅಮೆರಿಕದ ವಾಲ್ ಹಾಗೂ ಭಾರತ ಮೂಲದ ಮನ್‌ಸುಖ್ ವಾನಿಯವರ ತಂಡ ಚೀನಾದ ಮರವೊಂದರಲ್ಲಿ ಕಂಡುಹಿಡಿದ ಕ್ಯಾಂಪ್ಟೊಥೆಸಿನ್ ಎಂಬ ವಸ್ತುವನ್ನು, 1972ರಲ್ಲಿ ಗೋವಿಂದಾಚಾರಿ ಮತ್ತು ವಿಶ್ವನಾಥನ್ ನಮ್ಮ ಈ ಮರದಲ್ಲೂ ಕಂಡರು. ಆ ವಸ್ತು ಇದ್ದ ಹಾಗೆಯೇ ವಿಷ. ಅದನ್ನು ಮಾರ್ಪಡಿಸಿ ತಯಾರಿಸಿದ ಎರಡು ಔಷಧಿಗಳಿಗೆ 1996ರಲ್ಲಿ ಅಮೆರಿಕದಲ್ಲಿ ಮನ್ನಣೆ ದೊರೆಯಿತು. ಅಂಡಾಶಯದ ಮತ್ತು ದೊಡ್ಡ ಕರುಳಿನ ಕ್ಯಾನ್ಸರಿಗೆ ಇಂದಿಗೂ ಅವನ್ನು ಕೊಡುತ್ತಾರೆ. ಆದ್ದರಿಂದ ಯಾರೂ ತೊಗಟೆಯ ಕಷಾಯ ಕುಡಿಯುವ ಸಾಹಸಕ್ಕೆ ಹೋಗಬಾರದು.

ಬೇಡಿಕೆ ಬಂದದ್ದೇ ತಡ, ಮರ ಕಡಿದು ಚೂರು ಮಾಡಿ ಸಾಗಿಸುವ ದಂಧೆ ಬೆಳೆಯಿತು. ಪಶ್ಚಿಮ ಘಟ್ಟದ ಹಲವೆಡೆ ಮರದ ಸಂಖ್ಯೆ ಕುಗ್ಗಿತು. ಇಂಥ ಹೊತ್ತಿನಲ್ಲಿ, 2005ರಲ್ಲಿ, ಜಮ್ಮುವಿನ ವಿಜ್ಞಾನಿಗಳು ಈ ಮರದ ಒಳತೊಗಟೆಯ ಶಿಲೀಂಧ್ರವೊಂದು ತಾನೇ ಕ್ಯಾಂಪ್ಟೊಥೆಸಿನ್ ತಯಾರಿಸುತ್ತದೆಂದು ಪ್ರಕಟಿಸಿದರು. 2010ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರೂ ಘಟ್ಟದ ಇನ್ನೊಂದು ಮರದ ಶಿಲೀಂಧ್ರದಲ್ಲಿ ಅದನ್ನು ಕಂಡರು.

"ಹಾಗಾದರೆ ಬೂಸನ್ನು ಪೀಪಾಯಿಯಲ್ಲಿ ಬೆಳೆಸಿದರಾಯಿತು, ಮರ ಯಾಕೆ?" ಎಂದು ಕೇಳುವವರಿದ್ದಾರೆ. ತೊಡಕಿರುವುದು ಇಲ್ಲಿಯೇ. ಮರದಿಂದ ಬೇರ್ಪಡಿಸಿ ಪ್ರಯೋಗಶಾಲೆಯಲ್ಲಿ ತಲೆಮಾರಿನಿಂದ ತಲೆಮಾರಿಗೆ ಬೆಳೆಸಿದಂತೆಲ್ಲ ಶಿಲೀಂಧ್ರದ ಇಳುವರಿ ಕುಸಿಯುತ್ತದೆ. ತವರು ಬಿಟ್ಟ ಮೇಲೆ ಅದು ತನ್ನ ಕಸುಬನ್ನೇ ಮರೆಯುತ್ತದೆ. ಹೊಸದಾಗಿ ಬೇಕೆಂದಾಗ ಮತ್ತೆ ಮರದ ಬುಡಕ್ಕೇ ಬರಬೇಕು. ಮರವೇ ಹೋದರೆ ಅದರೊಳಗಿನ ಶಿಲೀಂಧ್ರವೂ ಹೋದಂತೆ.

ಇದರಿಂದ ನಾಳೆಯೇ ನಮ್ಮ ಜೇಬು ತುಂಬುತ್ತದೆಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿಕೊಂಡು ಬರುವ ದಲ್ಲಾಳಿಗಳನ್ನು ನಂಬಲೂಬೇಡಿ. ನನ್ನ ಅಭಿಪ್ರಾಯ ಇಷ್ಟೇ: ಸಿಲ್ವರ್ ಓಕ್‌ಗೆ ಜಾಗ ಮಾಡಲೆಂದು ಕಾಡುಮರಗಳನ್ನು ತೆಗೆಯುವಾಗ, ಏನನ್ನು ತೆಗೆಯುತ್ತಿದ್ದೇವೆಂದು ಒಮ್ಮೆ ನೋಡಬೇಕು. ಸೊಪ್ಪಿನ ಬೆಟ್ಟ, ಬಾಣೆ, ಹಳ್ಳದ ದಂಡೆಯ ಒಂದೆರಡು ದುರ್ವಾಸನೆ ಮರ ಉಳಿಸುವುದರಿಂದ ನಮಗೆ ಹೆಚ್ಚಿನ ನಷ್ಟವೇನೂ ಇಲ್ಲ.

2002ರ ಜೀವವೈವಿಧ್ಯ ಕಾಯಿದೆಯಲ್ಲಿ ಗಿಡಮರ, ಪ್ರಾಣಿಗಳಷ್ಟೇ ಅಲ್ಲ, ಸೂಕ್ಷ್ಮಜೀವಿಗಳೂ ಸೇರಿವೆ. ಲಾಭದ ಹಂಚಿಕೆಗೂ ಅದರಲ್ಲಿ ಅವಕಾಶವಿದೆ. ಆದರೆ ನಮ್ಮಲ್ಲಿ ಏನಿದೆಯೆಂದು ನಮಗೇ ತಿಳಿಯದಿದ್ದರೆ ಪಾಲು ಕೇಳುವುದು ಯಾವ ಬಾಯಿಂದ? ಪಂಚಾಯಿತಿಯ ಜೀವವೈವಿಧ್ಯ ಸಮಿತಿಯ ದಾಖಲೆಯಲ್ಲಿ ಈ ಮರವನ್ನು ಬರೆಸಿ. ನಮ್ಮ ಸಂಘವೂ ಮುಂದಿನ ಮರಗಸಿಗೆ ಮೊದಲು ಸದಸ್ಯರಿಂದ ಇಂಥ ಮರಗಳ ಪಟ್ಟಿ ತರಿಸಿಕೊಳ್ಳಲಿ. ಕಾಗದ ಪೆನ್ಸಿಲಿನ ಖರ್ಚು ಬಿಟ್ಟರೆ ಇದಕ್ಕೆ ಬೇರೇನೂ ಬೇಕಿಲ್ಲ.