ಕೊಂಡ ಆಟಕ್ಕೆ ಮರಳಿ ಸುಂಕ

ವಾಚಕ ಮಹಾಶಯರಲ್ಲಿ ಅನೇಕರ ಮನೆಗಳನ್ನು ವಿಡಿಯೋ ಗೇಮ್ ಪ್ರವೇಶಿಸಿರುವುದಷ್ಟೆ. ಆಟದ ನಡುವೆ ಚಿಲ್ಲರೆ ಚಿಲ್ಲರೆಯಾಗಿ ಹಣ ಕೇಳುವ ವ್ಯಾಪಾರವೂ ಅದರ ಬೆನ್ನಿಗೇ ಬಂದಿದೆ. ಮೈಕ್ರೋಟ್ರಾನ್ಸಾಕ್ಷನ್ ಎಂದು ಅದರ ಹೆಸರು. ಆಡುವವರೇ ಇದನ್ನು ದೂರುತ್ತಿರುವಾಗ, “ಬೇಡವಾದರೆ ಕೊಳ್ಳದಿದ್ದರಾಯಿತು” ಎಂದು ಹಿರಿಯರು ತೀರ್ಪು ಕೊಡುವುದುಂಟು. ವಿಷಯವು ಅಷ್ಟು ಸುಲಭವಲ್ಲವೆಂದು ನಮಗೆ ತೋರುತ್ತದೆ.

೨೦೧೭ನೆಯ ಇಸವಿಯ ನವೆಂಬರಿನಲ್ಲಿ ಅಮೆರಿಕದ ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪೆನಿಯವರು ‘ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ ೨’ ಎಂಬ ಆಟವನ್ನು ಹೊರತಂದರು. ಬೆಲೆ ಸುಮಾರು ೬೦ ಡಾಲರು. ಅಷ್ಟನ್ನು ತೆತ್ತವನಿಗೂ, ಕಥೆಯ ಪ್ರಸಿದ್ಧ ಖಳನಾದ ಡಾರ್ತ್ ವೇಡರನ ಪಾತ್ರವು ಕೈಗೆ ಬರಬೇಕಾದರೆ ಆಟದೊಳಗೆ ಗಳಿಸಿದ ೬೦,೦೦೦ ‘ಕ್ರೆಡಿಟ್’ಗಳನ್ನು ಒಪ್ಪಿಸಬೇಕಾಗಿತ್ತು. ಇದಕ್ಕೆ ಸುಮಾರು ೪೦ ಗಂಟೆಗಳು ಹಿಡಿಯುವುವೆಂದು ಆಟಗಾರನೊಬ್ಬನು ಲೆಕ್ಕ ಹಾಕಿದನು. ಇತ್ತ ಹಣ ಕೊಡುವವರಿಗೆ ಮುಚ್ಚಿದ ಪೆಟ್ಟಿಗೆಗಳು ಸಿದ್ಧವಾಗಿದ್ದುವು. ಒಳಗೇನಿದೆಯೆಂಬುದು ತೆರೆದ ಮೇಲೆಯೇ ಗೊತ್ತು. ಅದೃಷ್ಟವಿದ್ದರೆ ಎದುರಾಳಿಯನ್ನು ಮೀರಿಸುವ ಬಲವೇ ದೊರೆಯುವುದು. ಚದುರಂಗದ ನಡುವೆ ದುಡ್ಡು ಕೊಟ್ಟು ಇನ್ನೊಂದು ಆನೆಯನ್ನು ತರಿಸಿಕೊಂಡರೆ ಎದುರು ಕುಳಿತವನಿಗೆ ಹೇಗಾದೀತು?

ಆಟಗಾರರು ಮುನಿದು ಕೇಳಲಾಗಿ, ಸಾಧಿಸಿದೆನೆಂಬ ಹೆಮ್ಮೆಯನ್ನು ಉಂಟುಮಾಡುವುದೇ ತಮ್ಮ ಉದ್ದೇಶವೆಂದು ಕಂಪೆನಿಯವರು ಉತ್ತರವಿತ್ತರು! ರೆಡಿಟ್ ತಾಣದಲ್ಲಿ ಆ ಉತ್ತರಕ್ಕೆ ಬಿದ್ದ ತಿರಸ್ಕಾರದ ಮತಗಳು ೬ ಲಕ್ಷವನ್ನು ಮೀರಿದುವು. ೬೦,೦೦೦ವು ೧೫,೦೦೦ಕ್ಕೆ ಇಳಿಯಿತು. ಬಿಡುಗಡೆಯ ಮುನ್ನಾದಿನ ಒಳಮಾರಾಟವೇ ನಿಂತಿತು. ಮರುವರ್ಷ ಏಪ್ರಿಲಿನಲ್ಲಿ ಅದು ಮರಳಿದಾಗ ವೇಷಭೂಷಣಗಳಿಗಷ್ಟೇ ಮಿತವಾಗಿತ್ತು. ಅದೇ ತಿಂಗಳು ಬೆಲ್ಜಿಯಂ ದೇಶದ ಅಧಿಕಾರಿಗಳು ಬೇರೆ ಕೆಲವು ಆಟಗಳ ಇಂಥ ಪೆಟ್ಟಿಗೆಗಳನ್ನು ಜೂಜೆಂದು ನಿರ್ಣಯಿಸಿದರು.

ಜಗಳದ ಮೂಲವು ಬೆಲೆಯಲ್ಲಿಲ್ಲ. ೨೦೦೬ರಲ್ಲಿ ‘ಒಬ್ಲಿವಿಯನ್’ ಎಂಬ ಆಟದವರು ಕುದುರೆಗೆ ತೊಡಿಸುವ ಕವಚವನ್ನು ಎರಡೂವರೆ ಡಾಲರಿಗೆ ಮಾರಿದಾಗ ಜನರು ನಗೆಯಾಡಿದರು; ಕವಚವಿಲ್ಲದೆಯೂ ಕುದುರೆಯು ಓಡುತ್ತಿತ್ತಷ್ಟೆ. ಈಗಿನ ಸಂಶಯವೇ ಬೇರೆ. ಕೆರ ಮಾರುವವನೇ ದಾರಿಗೆ ಮುಳ್ಳು ಚೆಲ್ಲಿರುವನೆಂದು ಆಟಗಾರನು ಬಗೆಯುತ್ತಾನೆ. ಕೊಳ್ಳದೆ ಇದ್ದರೂ ಮುಳ್ಳು ತಪ್ಪದು. ಆದಕಾರಣ ಹಿರಿಯರ ತೀರ್ಪಿನಿಂದ ಅವನಿಗೆ ಸಮಾಧಾನವಿಲ್ಲ.

ಗೃಹಸ್ಥರು ಗಮನಿಸತಕ್ಕುದು ಇನ್ನೊಂದುಂಟು. ಅನೇಕ ಆಟಗಳಲ್ಲಿ ರೂಪಾಯಿಯು ಮೊದಲು ರತ್ನವಾಗಿಯೋ ಹರಳಾಗಿಯೋ ಮಾರ್ಪಡುತ್ತದೆ. ಹತ್ತು ಹರಳು ಹೋದರೆ ಎಷ್ಟು ರೂಪಾಯಿ ಹೋಯಿತೆಂದು ಬಾಲಕನು ಅರಿಯನು. ತಂದೆಯೂ ಥಟ್ಟನೆ ಹೇಳಲಾರನು. ೨೦೧೪ರಲ್ಲಿ ಆ್ಯಪಲ್ ಕಂಪೆನಿಯು, ಮಕ್ಕಳು ಹೆತ್ತವರ ಒಪ್ಪಿಗೆಯಿಲ್ಲದೆ ಮಾಡಿದ ಇಂಥ ಖರೀದಿಗಳಿಗಾಗಿ ಕನಿಷ್ಠ ೩ ಕೋಟಿ ೨೫ ಲಕ್ಷ ಡಾಲರುಗಳನ್ನು ಹಿಂದಿರುಗಿಸಲು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ನಿನ ಮುಂದೆ ಒಪ್ಪಬೇಕಾಯಿತು. ತಾಯಿಯು ಒಮ್ಮೆ ಪಾಸ್‌ವರ್ಡ್ ಒತ್ತಿದರೆ ಮುಂದಿನ ಹದಿನೈದು ನಿಮಿಷ ಬಾಗಿಲು ತೆರೆದೇ ಇರುತ್ತಿತ್ತು. ಇದನ್ನು ಆಕೆಗೆ ಯಾರೂ ತಿಳಿಸಿರಲಿಲ್ಲ. ಪ್ರತಿಯೊಂದು ಖರೀದಿಗೂ ಪಾಸ್‌ವರ್ಡ್ ಕೇಳುವ ಏರ್ಪಾಡು ಈಗಿನ ಫೋನುಗಳಲ್ಲಿದೆ. ಈ ರಾತ್ರಿ ಊಟವಾದ ಮೇಲೆ ಮನೆಯ ಫೋನಿನಲ್ಲಿ ಅದು ಹೇಗಿದೆಯೆಂದು, ಮಕ್ಕಳನ್ನೂ ಬಳಿಯಲ್ಲಿ ಕುಳ್ಳಿರಿಸಿಕೊಂಡು, ನೋಡಬಹುದು.