‘ಬೆಕ್ಕು ಮನೆಯದು’ ಎಂಬ ನೆಪ

ಮನೆ ಬದಲಾಯಿಸುವವರ ಸಾಮಾನಿನ ಪಟ್ಟಿಯಲ್ಲಿ ಫ್ರಿಜ್ಜು, ಗ್ರೈಂಡರು, ತುಳಸಿಗಿಡ ಎಲ್ಲವೂ ಇರುತ್ತವೆ. ಬೆಕ್ಕು ಮಾತ್ರ ಎಷ್ಟೋ ಸಲ ಇರುವುದಿಲ್ಲ. ಕೇಳಿದರೆ ಸಿದ್ಧ ಉತ್ತರವೊಂದಿದೆ: “ನಾಯಿ ಮನುಷ್ಯನದು, ಬೆಕ್ಕು ಮನೆಯದು. ಅದು ಅಲ್ಲೇ ಇದ್ದುಕೊಳ್ಳುತ್ತದೆ ಬಿಡಿ, ಮೇಷ್ಟ್ರೇ.” ಈ ಮಾತನ್ನು ನಮ್ಮ ಬಂಧುಗಳೂ ಆಡುತ್ತಾರೆ, ನನ್ನ ಶಿಷ್ಯರೂ ಆಡುತ್ತಾರೆ. ಇದು ಅರ್ಧಸತ್ಯ. ಅರ್ಧಸತ್ಯವನ್ನು ಪೂರ್ಣ ನೆಪವಾಗಿ ಬಳಸುವುದು ಸುಳ್ಳಿಗಿಂತಲೂ ಕೆಟ್ಟದ್ದೆಂಬುದು ನನ್ನ ದೃಢವಾದ ಅಭಿಪ್ರಾಯ.

ಬೆಕ್ಕಿಗೆ ಸ್ಥಳದ ಮಮತೆ ಬಲವಾದುದು, ಒಪ್ಪುತ್ತೇನೆ. ಬಾಗಿಲ ಚೌಕಟ್ಟಿಗೆ, ಕುರ್ಚಿಯ ಕಾಲಿಗೆ ಅದು ಕೆನ್ನೆ ಉಜ್ಜುವುದನ್ನು ನೀವೆಲ್ಲ ಕಂಡಿದ್ದೀರಿ. ಕೆನ್ನೆಯ ಗ್ರಂಥಿಗಳಿಂದ ಒಸರುವ, ನಮ್ಮ ಮೂಗಿಗೆ ನಿಲುಕದ ವಾಸನೆಯನ್ನು ಅದು ಅಲ್ಲಿ ಬಿಡುತ್ತದೆ. ‘ಇದು ನನ್ನ ಜಾಗ, ಇಲ್ಲಿ ಭಯವಿಲ್ಲ’ ಎಂಬ ಗುರುತು ಅದು. ಹೊಸ ಮನೆಯಲ್ಲಿ ಆ ಗುರುತುಗಳಿಲ್ಲದ ಕಾರಣ ಮಂಚದಡಿ ಸೇರುತ್ತದೆ, ಊಟ ಬಿಡುತ್ತದೆ, ಸಂದು ಸಿಕ್ಕರೆ ಹಳೆಯ ಮನೆಯತ್ತ ಓಡುತ್ತದೆ. ಆದರೆ ಅಳಿದುಹೋದ ಗುರುತನ್ನು ಮತ್ತೆ ಮೂಡಿಸಬಹುದಲ್ಲವೇ? ಅದಕ್ಕೆ ಕೆಲವು ವಾರಗಳ ತಾಳ್ಮೆ ಸಾಕು. ತಾಯಿಬೆಕ್ಕು ಮರಿಗಳನ್ನು ಏಳು ಮನೆ ಸುತ್ತಿಸುತ್ತದೆಂದು ಹೇಳುವವರೂ ನಾವೇ. ಅದು ಮರಿಗಳನ್ನು ಕಚ್ಚಿಕೊಂಡು ಹೋಗುತ್ತದೆ. ‘ಮರಿ ಮನೆಯದು’ ಎನ್ನುವುದಿಲ್ಲ.

ಇನ್ನು, ಯಾವ ಮನೆಯ ಮಾತು ಇದು? ಬೆಂಗಳೂರು, ಮೈಸೂರುಗಳಲ್ಲಿ ಮಾರಿದ ಹಳೆಯ ಮನೆ ಎಷ್ಟೋ ಸಲ ನೆಲಸಮವಾಗುತ್ತದೆ. ಹಾಲು ಅನ್ನ ಉಂಡು ಬೆಳೆದ ಪ್ರಾಣಿ ಇಟ್ಟಿಗೆಯ ರಾಶಿಯ ಮೇಲೆ ಯಾರನ್ನು ಕಾಯಬೇಕು?

ಮಾಡಬೇಕಾದದ್ದು ಕಷ್ಟವೇನಲ್ಲ. ಗಾಳಿಯಾಡುವ ಮುಚ್ಚಳದ ಬುಟ್ಟಿಯೊಂದನ್ನು ಕೆಲವು ದಿನ ಮೊದಲೇ ತೆರೆದಿಟ್ಟು ರೂಢಿ ಮಾಡಿಸಿ, ಗೋಣಿಚೀಲ ಬೇಡ. ಲಾರಿ ಬರುವ ದಿನ ಬೆಕ್ಕನ್ನು ಒಂದು ಕೋಣೆಯಲ್ಲಿಟ್ಟು ಬಾಗಿಲು ಹಾಕಿರಿ. ಸದ್ದಿಗೆ ಬೆದರಿ ಓಡಿದರೆ ಹೊರಡುವ ಹೊತ್ತಿಗೆ ಸಿಗುವುದಿಲ್ಲ. ಹೊಸ ಮನೆಯಲ್ಲಿ ಮೊದಲು ಒಂದೇ ಕೋಣೆ, ಅಲ್ಲಿ ಅದರ ಹಳೆಯ ತಟ್ಟೆ, ಮರಳಿನ ಟ್ರೇ, ಒಗೆಯದ ಹಾಸು ಇರಲಿ. ಹಾಸನ್ನು ಒಗೆದರೆ ಅದರ ಪರಿಚಿತ ವಾಸನೆಯೂ ಹೋಗುತ್ತದೆ. ಉಣ್ಣತೊಡಗಿ, ಮೈ ನೆಕ್ಕಿಕೊಳ್ಳತೊಡಗಿದ ಮೇಲೆ ಉಳಿದ ಕೋಣೆಗಳನ್ನು ಒಂದೊಂದಾಗಿ ತೆರೆಯಿರಿ. ಎರಡು ಮೂರು ವಾರ ಹೊರಗೆ ಬಿಡಬೇಡಿ. ಒಂದು ದಿನ ಪೂರ್ತಿ ಏನನ್ನೂ ತಿನ್ನದಿದ್ದರೆ ಪಶುವೈದ್ಯರಿಗೆ ತೋರಿಸಿ. ನಾಯಿಯಾದರೆ ಊಟದ ಹೊತ್ತು, ತಿರುಗಾಟದ ಹೊತ್ತು ಬದಲಾಗದಿರಲಿ. ಮೊದಲ ದಿನಗಳಲ್ಲಿ ಒಂಟಿಯಾಗಿ ಬಿಟ್ಟು ಹೋಗಬೇಡಿ.

“ಅಪಾರ್ಟ್‌ಮೆಂಟಿನವರು ಬಿಡುವುದಿಲ್ಲ” ಎಂಬುದು ಎರಡನೆಯ ನೆಪ. ಬಹುಮತದ ನಿರ್ಣಯದಿಂದಲೂ ನಿವಾಸಿಗಳ ಸಂಘ ಸಾಕುಪ್ರಾಣಿಗಳನ್ನು ನಿಷೇಧಿಸುವಂತಿಲ್ಲವೆಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಹೇಳುತ್ತದೆ. ಪ್ರಾಣಿಯನ್ನು ಹಸಿವು ನೀರಡಿಕೆಗೆ ಗುರಿಯಾಗುವಂತೆ ತೊರೆದುಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೆಯ ಕಲಮಿನ ಪ್ರಕಾರ ಅಪರಾಧ. ಆ ಕಾಯ್ದೆ ಮೊದಲ ತಪ್ಪಿಗೆ ಗೊತ್ತುಮಾಡಿದ ದಂಡ 10ರಿಂದ 50 ರೂಪಾಯಿ! ಕಾನೂನು ಇಷ್ಟು ಅಗ್ಗವಾಗಿರುವಾಗ ಮನಸ್ಸಾಕ್ಷಿಯಾದರೂ ದುಬಾರಿಯಾಗಿರಬೇಡವೇ? ಮಹಾಪ್ರಸ್ಥಾನದ ಕೊನೆಯಲ್ಲಿ ಧರ್ಮರಾಯನಿಗೂ ಇಂತಹದೇ ನಿಯಮ ಎದುರಾಯಿತು: ಸ್ವರ್ಗದಲ್ಲಿ ನಾಯಿಗೆ ಜಾಗವಿಲ್ಲ. ನಂಬಿ ಬಂದದ್ದನ್ನು ಬಿಟ್ಟು ಬರುವ ಸ್ವರ್ಗವೇ ಬೇಡವೆಂದನು ಅವನು. ನಮ್ಮವರು ಎರಡು ಬೆಡ್‌ರೂಮಿನ ಫ್ಲ್ಯಾಟಿಗಾಗಿ ಬಿಟ್ಟು ಬರುತ್ತಾರೆ.

ನಿಜವಾದ ತೊಡಕುಗಳು ಇಲ್ಲವೆಂದಲ್ಲ. ಬಾಡಿಗೆಗೆ ಕೊಡುವ ಮಾಲೀಕರು ಖಂಡಿತವಾಗಿ ಒಪ್ಪದಿರಬಹುದು, ಪರದೇಶದ ಪ್ರಯಾಣ ಬರಬಹುದು. ಹಾಗಾದಾಗ ಸಾಕಬಲ್ಲವರನ್ನು ಹುಡುಕಿ, ಒಪ್ಪಿಸಿ, ಆಮೇಲೆ ಬೀಗ ಹಾಕಿರಿ. ಬೀಗ ಹಾಕಿ ಹೊರಟ ಮೇಲೆ “ಯಾರಾದರೂ ನೋಡಿಕೊಳ್ಳುತ್ತಾರೆ” ಎನ್ನುವುದು ವ್ಯವಸ್ಥೆಯಲ್ಲ.

ಪ್ರಿಯ ವಿದ್ಯಾರ್ಥಿಗಳೇ, ನೀವು ಲಾರಿಗೆ ಸಾಮಾನು ಏರಿಸುವಾಗ ನಿಮ್ಮ ಮಕ್ಕಳು ಪಕ್ಕದಲ್ಲಿ ನಿಂತು ನೋಡುತ್ತಿರುತ್ತಾರೆ. ಯಾವುದನ್ನು ಒಯ್ಯಬೇಕು, ಯಾವುದನ್ನು ಬಿಡಬಹುದು ಎಂಬ ಪಾಠ ಅವರಿಗೆ ಅಂದೇ ಆಗುತ್ತದೆ. ಮುಂದೊಮ್ಮೆ ಅವರೂ ಮನೆ ಬದಲಾಯಿಸುತ್ತಾರೆ. ಆಗ ನಮಗೆ ನಿಮಗೆ ವಯಸ್ಸಾಗಿರುತ್ತದೆ.