ಅಪ್ಪನ ಮಿಲಿಟರಿ ನಂಬರು ಗೊತ್ತೇ?

‘ನಮ್ಮಪ್ಪ ಮಿಲಿಟರಿಯಲ್ಲಿದ್ದರು’ ಎಂದು ಹೆಮ್ಮೆಯಿಂದ ಹೇಳುವ ಮನೆಗಳು ಕೊಡಗಿನಲ್ಲಿ, ಬೆಳಗಾವಿ ಸೀಮೆಯಲ್ಲಿ, ಹಳೇ ಮೈಸೂರಿನ ಊರುಗಳಲ್ಲಿ ಲೆಕ್ಕವಿಲ್ಲದಷ್ಟಿವೆ. ಯಾವ ರೆಜಿಮೆಂಟು? ಸೇರಿದ್ದು ಯಾವ ಇಸವಿಯಲ್ಲಿ? ಯುದ್ಧಕ್ಕೆ ಹೋಗಿದ್ದರೇ? ಹೀಗೆ ಕೇಳಿದರೆ ಮಾತ್ರ ಉತ್ತರ ತಡವರಿಸುತ್ತದೆ. ‘ಕಾಶ್ಮೀರದ ಕಡೆ ಎಲ್ಲೋ ಇದ್ದರಂತೆ’ ಎಂಬಲ್ಲಿಗೆ ಮಾತು ನಿಂತುಬಿಡುತ್ತದೆ. ಸೈನಿಕರಲ್ಲಿ ಎಷ್ಟೋ ಮಂದಿ ಮನೆಯಲ್ಲಿ ಇದನ್ನೆಲ್ಲ ಹೇಳಿಕೊಂಡವರಲ್ಲ. ರಜೆಗೆ ಬಂದರು, ಹೋದರು, ನಿವೃತ್ತರಾದ ಮೇಲೆ ಹೊಲ ತೋಟ ನೋಡಿಕೊಂಡರು, ಒಂದು ದಿನ ಕಣ್ಣು ಮುಚ್ಚಿದರು. ಮಕ್ಕಳಿಗೆ ಕೇಳಬೇಕೆನಿಸುವ ಹೊತ್ತಿಗೆ ಹೇಳುವವರೇ ಇಲ್ಲ!

ಅಪ್ಪ ಹೇಳದಿದ್ದರೇನು, ಸೈನ್ಯ ಬರೆದಿಟ್ಟಿರುತ್ತದೆ. ಭರ್ತಿಯಾದ ದಿನ, ತರಬೇತಿ, ವರ್ಗಾವಣೆ, ಬಡ್ತಿ, ಆಸ್ಪತ್ರೆ ಸೇರಿದ್ದು, ಶಿಕ್ಷೆಗೆ ಒಳಗಾಗಿದ್ದರೆ ಅದು, ಪದಕ, ಮದುವೆ, ಮಕ್ಕಳು ಎಲ್ಲಕ್ಕೂ ದಾಖಲೆ ಉಂಟು. ಸಿಪಾಯಿಯ ಈ ಜಾತಕಕ್ಕೆ ‘ಷೀಟ್ ರೋಲ್’ ಎಂದು ಹೆಸರು. ಇದನ್ನು ಹುಡುಕಿಕೊಂಡು ದೆಹಲಿಯ ರಕ್ಷಣಾ ಸಚಿವಾಲಯಕ್ಕೆ ಬರೆಯುವವರಿದ್ದಾರೆ. ಆದರೆ ಭೂಸೇನೆಯ ಸಿಪಾಯಿಯ ಕಡತ ಇರುವುದು ಅವನ ರೆಜಿಮೆಂಟಿನ ಅಥವಾ ಕೋರ್‌ನ ರೆಕಾರ್ಡ್ಸ್ ಕಚೇರಿಯಲ್ಲಿ. ಮದ್ರಾಸ್ ಎಂಜಿನಿಯರ್ ಗ್ರೂಪ್‌ನವರದು ಬೆಂಗಳೂರಿನಲ್ಲಿ, ಮರಾಠಾ ಲೈಟ್ ಇನ್‌ಫೆಂಟ್ರಿಯವರದು ಬೆಳಗಾವಿಯಲ್ಲಿ, ಮದ್ರಾಸ್ ರೆಜಿಮೆಂಟಿನವರದು ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿ, ಆರ್ಟಿಲರಿಯವರದು ನಾಸಿಕ್‌ನಲ್ಲಿ, ಇಎಂಇಯವರದು ಸಿಕಂದರಾಬಾದ್‌ನಲ್ಲಿ, ಸಿಗ್ನಲ್ಸ್‌ನವರದು ಜಬಲ್ಪುರದಲ್ಲಿ. ವಾಯುಪಡೆಯ ಏರ್‌ಮನ್‌ಗಳ ದಾಖಲೆ ದೆಹಲಿಯಲ್ಲಿದ್ದರೆ, ನೌಕಾಪಡೆಯ ನಾವಿಕರದು ಮುಂಬೈಯಲ್ಲಿ. ಅಧಿಕಾರಿಗಳ ದಾಖಲೆಗೆ ಮಾತ್ರ ದೆಹಲಿಯ ಸೇನಾ ಕೇಂದ್ರ ಕಚೇರಿಯನ್ನು ಕೇಳಬೇಕು.

ಬೀಗ ಎಲ್ಲಿದೆಯೆಂದು ತಿಳಿಯಿತು; ಕೀಲಿಕೈ ಬೇಕಲ್ಲ? ಅದೇ ಸೈನಿಕನ ನಂಬರು. ಬರೀ ಹೆಸರು ಹೇಳಿದರೆ ಸಾಲದು, ಒಂದೇ ಹೆಸರಿನವರು ಎಷ್ಟೋ ಮಂದಿ ಇರುತ್ತಾರೆ. ನಂಬರಿಗಾಗಿ ಮೊದಲು ಹುಡುಕಬೇಕಾದ ಜಾಗ ಮನೆಯ ಅಟ್ಟ. ಅಪ್ಪ ಹೊತ್ತು ತಿರುಗಿದ ಕಪ್ಪು ಟ್ರಂಕಿನ ಮೇಲೆ ಬಿಳಿ ಬಣ್ಣದಲ್ಲಿ ನಂಬರು, ಹುದ್ದೆ, ಹೆಸರು ಬರೆದಿರುವುದುಂಟು. ಅದರೊಳಗೆ ಡಿಸ್ಚಾರ್ಜ್ ಬುಕ್ ಸಿಕ್ಕರೆ ಅರ್ಧ ಕೆಲಸ ಮುಗಿದಂತೆಯೇ. ಪಿಂಚಣಿ ಆದೇಶ (ಪಿಪಿಒ), ಮಾಜಿ ಸೈನಿಕರ ಗುರುತಿನ ಚೀಟಿ, ಹಳೆಯ ಪತ್ರಗಳ ವಿಳಾಸ ಇವುಗಳಲ್ಲೂ ನಂಬರು ಇರುತ್ತದೆ. ಒಂದು ಎಚ್ಚರ: ಸಿಪಾಯಿಯಾಗಿ ಸೇರಿ ನಾಯಬ್ ಸುಬೇದಾರ್ ಆದವರಿಗೆ ‘ಜೆಸಿ’ ಎಂದು ಆರಂಭವಾಗುವ ಹೊಸ ನಂಬರು ಸಿಗುತ್ತದೆ. ಅಂಥವರ ಹೆಸರಿಗೆ ಎರಡು ನಂಬರು. ಎರಡನ್ನೂ ಬರೆದುಕೊಳ್ಳುವುದು ಒಳ್ಳೆಯದು.

ಪದಕಗಳನ್ನೂ ಓದಲು ಕಲಿಯಬೇಕು. ಅವುಗಳ ಅಂಚಿನಲ್ಲೋ ಹಿಂಬದಿಯಲ್ಲೋ ಸಾಮಾನ್ಯವಾಗಿ ನಂಬರು, ಹೆಸರು ಕೊರೆದಿರುತ್ತಾರೆ. ಹೊಳಪು ಬರಲೆಂದು ತಿಕ್ಕಿ ತಿಕ್ಕಿ ಆ ಅಕ್ಷರಗಳನ್ನೇ ಅಳಿಸಬಾರದು. 1971ರ ಯುದ್ಧದಲ್ಲಿ ಪೂರ್ವದ ರಣರಂಗದಲ್ಲಿದ್ದವರಿಗೆ ಪೂರ್ವಿ ಸ್ಟಾರ್, ಪಶ್ಚಿಮದಲ್ಲಿದ್ದವರಿಗೆ ಪಶ್ಚಿಮಿ ಸ್ಟಾರ್ ದೊರೆಯಿತು. 1965ರ ಯುದ್ಧಕ್ಕೆ ಸಂಬಂಧಿಸಿದ್ದು ಸಮರ ಸೇವಾ ಸ್ಟಾರ್ ಮತ್ತು ರಕ್ಷಾ ಮೆಡಲ್. ಕೆಲವು ಪದಕಗಳ ರಿಬ್ಬನ್ನಿನ ಮೇಲೆ ಸಣ್ಣ ಲೋಹದ ಪಟ್ಟಿ ಇದ್ದು, ಅದರಲ್ಲಿ ಸೇವೆ ಮಾಡಿದ ಪ್ರದೇಶದ ಹೆಸರೇ ಇರುತ್ತದೆ. ಅಪ್ಪ ಬಾಯಿಬಿಟ್ಟು ಹೇಳದಿದ್ದ ಊರು ಆ ಪಟ್ಟಿಯಲ್ಲಿ ಸಿಗಬಹುದು!

‘ನಿಧಾನವಾಗಿ ನೋಡೋಣ’ ಎನ್ನುವವರು ಒಂದು ಮಾತು ತಿಳಿದಿರಬೇಕು. ಪಿಂಚಣಿ ಇಲ್ಲದೆ ಭೂಸೇನೆಯಿಂದ ಹೊರಬಂದವರ ಕಡತಗಳನ್ನು ಸೈನ್ಯ ನಿಯಮದಂತೆ 25 ವರ್ಷ ಇಟ್ಟುಕೊಂಡು ಆಮೇಲೆ ನಾಶಪಡಿಸುತ್ತದೆ. ಬಳಿಕ ಉಳಿಯುವುದು ‘ಲಾಂಗ್ ರೋಲ್’ ಎಂಬ ದಾಖಲೆಯಲ್ಲಿನ ನಾಲ್ಕಾರು ವಿವರ ಮಾತ್ರ. ಹೊರದೇಶಗಳಲ್ಲಿ ಬೆಂಕಿಯೂ ಈ ಕೆಲಸ ಮಾಡಿದೆ. ಮೊದಲ ಮಹಾಯುದ್ಧದ ಬ್ರಿಟಿಷ್ ಸೈನಿಕರ ಕಡತಗಳಲ್ಲಿ ಸುಮಾರು ಶೇಕಡಾ 60ರಷ್ಟು 1940ರ ಸೆಪ್ಟೆಂಬರ್‌ನಲ್ಲಿ ಲಂಡನ್ ಮೇಲೆ ಬಿದ್ದ ಬಾಂಬಿಗೆ ಸುಟ್ಟುಹೋದವು. ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ 1973ರ ಜುಲೈ 12ರಂದು ಹೊತ್ತಿದ ಬೆಂಕಿಗೆ ಆಹುತಿಯಾದದ್ದು 1 ಕೋಟಿ 60 ಲಕ್ಷದಿಂದ 1 ಕೋಟಿ 80 ಲಕ್ಷ ಕಡತ. ಅವಕ್ಕೆ ನಕಲು ಇರಲಿಲ್ಲ. ಅಲ್ಲಿನ ಸಿಬ್ಬಂದಿ ಸಂಬಳದ ಚೀಟಿಯಂಥ ಬೇರೆ ಕಾಗದಗಳನ್ನು ಹುಡುಕಿ, ಸೈನಿಕರ ಸೇವಾ ವಿವರವನ್ನು ತುಣುಕು ತುಣುಕಾಗಿ ಜೋಡಿಸಿಕೊಡುತ್ತ ಬಂದಿದ್ದಾರೆ. ಪಾಠ ಇಷ್ಟೆ: ಸರ್ಕಾರದ ಕಪಾಟು ಒಂದು ದಾಖಲೆ, ಮನೆಯ ಟ್ರಂಕು ಇನ್ನೊಂದು. ಮನೆ ಬದಲಿಸುವಾಗ ‘ಹಳೇ ಕಾಗದ’ ಎಂದು ರದ್ದಿಗೆ ಹಾಕುವ ಮೊದಲು ಎರಡು ಸಲ ಯೋಚಿಸಬೇಕು.

ಇದು ಕೇವಲ ನೆನಪಿನ ವಿಷಯವಲ್ಲ, ಅನ್ನದ ವಿಷಯವೂ ಹೌದು. ಸೈನಿಕನ ಮದುವೆ, ಮಕ್ಕಳ ಜನನ ‘ಪಾರ್ಟ್ ಟು ಆರ್ಡರ್’ ಮೂಲಕ ಕಡತಕ್ಕೆ ಸೇರಬೇಕು. ಅಲ್ಲಿ ತಾಯಿಯ ಹೆಸರು ‘ಗೌರಮ್ಮ’ ಎಂದಿದ್ದು, ಆಧಾರ್‌ನಲ್ಲಿ ‘ಗೌರಿ’ ಎಂದಿದ್ದರೆ ಕುಟುಂಬ ಪಿಂಚಣಿಗೆ ಅಲೆದಾಟ ಶುರು. ಆಶ್ರಿತಳಾದ ಅವಿವಾಹಿತ ಮಗಳಿಗೆ, ದುಡಿಯಲಾಗದ ಅಂಗವಿಕಲ ಮಗನಿಗೆ ನಿಯಮದಂತೆ ಪಿಂಚಣಿ ಸಲ್ಲಬಹುದು. ಆದರೆ ಅವರ ಹೆಸರೇ ಕಡತದಲ್ಲಿ ಇಲ್ಲದಿದ್ದರೆ? ಅದನ್ನು ತಾಯಿ ಇರುವಾಗಲೇ ಸರಿಪಡಿಸುವುದು ಸುಲಭ. ಮಾಜಿ ಸೈನಿಕರ ಮಕ್ಕಳಿಗಿರುವ ವಿದ್ಯಾರ್ಥಿವೇತನಕ್ಕೂ, ಸಿಇಟಿಯ ವಿಶೇಷ ಪ್ರವರ್ಗಕ್ಕೂ ಇದೇ ಸೇವಾ ದಾಖಲೆಗಳು ಬೇಕಾಗುತ್ತವೆ.

ಪತ್ರ ಬರೆಯುವ ಕೆಲಸವನ್ನು ಕಾಲೇಜಿಗೆ ಹೋಗುವ ಮಕ್ಕಳೇ ವಹಿಸಿಕೊಳ್ಳಬಹುದು. ಸಹಿ ಮಾತ್ರ ಅಜ್ಜಿಯದೋ ತಂದೆಯದೋ ಇರಲಿ. ಪತ್ರದಲ್ಲಿ ನಂಬರು, ಹುದ್ದೆ, ಹೆಸರು, ಸೇರಿದ ಮತ್ತು ಬಿಟ್ಟ ಇಸವಿ, ಅಂದಿನ ವಿಳಾಸ ಇರಬೇಕು. ಮರಣ ಪ್ರಮಾಣಪತ್ರ, ಸಂಬಂಧ ತೋರಿಸುವ ದಾಖಲೆ ಇವುಗಳ ನಕಲು ಜೊತೆಗಿರಬೇಕು. ಅಂದಿನ ವಿಳಾಸವೆಂದರೆ ಅಂದಿನದೇ: ಗದಗ, ಹಾವೇರಿ 1997ರವರೆಗೆ ಧಾರವಾಡ ಜಿಲ್ಲೆಯಲ್ಲಿದ್ದವು, 1973ರ ನವೆಂಬರ್ 1ಕ್ಕೆ ಮೊದಲು ಸೇರಿದವರ ರಾಜ್ಯ ‘ಮೈಸೂರು’. ಅಪ್ಪನ ಹೆಸರಿನ ಇಂಗ್ಲಿಷ್ ಕಾಗುಣಿತವೂ ಭರ್ತಿಯ ದಿನ ಗುಮಾಸ್ತ ಬರೆದಂತೆ ಇರುತ್ತದೆ. ದಾರಿ ತೋರಿಸಲು ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗಳಿವೆ. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಬಹುದು. ಸಾಮಾನ್ಯವಾಗಿ 30 ದಿನಗಳಲ್ಲಿ ಉತ್ತರ ಕೊಡಬೇಕೆಂಬುದು ನಿಯಮ.

ಕಡತ ಬಂದಾಗ ಕೆಲವರಿಗೆ ನಿರಾಸೆಯಾಗಬಹುದು. ಅದರಲ್ಲಿ ಕಥೆ ಇರುವುದಿಲ್ಲ, ತಾರೀಖುಗಳಿರುತ್ತವೆ. ಎಲ್ಲ ಸೈನಿಕರೂ ಗುಂಡು ಹಾರಿಸಿದವರಲ್ಲ. ಅಡುಗೆ ಮಾಡಿದವರು, ಲಾರಿ ಓಡಿಸಿದವರು, ಸೇತುವೆ ಕಟ್ಟಿದವರೂ ಸೈನಿಕರೇ. ರಜೆ ಮುಗಿದು ತಡವಾಗಿ ಹೋಗಿದ್ದಕ್ಕೆ ಶಿಕ್ಷೆಯೆಂಬ ಒಂದು ಸಾಲೂ ಕಾಣಬಹುದು. ಅದು ಯಾವ ತಿಂಗಳೆಂದು ಅಜ್ಜಿಯನ್ನು ಕೇಳಿದರೆ, ‘ಆಗ ನಿನ್ನ ಅತ್ತೆ ಹುಟ್ಟಿದ್ದು’ ಎಂಬ ಉತ್ತರ ಬಂದೀತು. ಕಡತದ ತಾರೀಖಿಗೆ ಮನೆಯ ನೆನಪು ಕೂಡಿದಾಗಲೇ ಅದು ಚರಿತ್ರೆ.

ಆ ನೆನಪುಳ್ಳವರು ದಿನೇ ದಿನೇ ಕಡಿಮೆಯಾಗುತ್ತಿದ್ದಾರೆ. 1971ರಲ್ಲಿ 20 ವರ್ಷದ ಹುಡುಗನಾಗಿದ್ದ ಸಿಪಾಯಿಗೆ ಈಗ 70 ದಾಟಿದೆ. ಅಪ್ಪ ಇಲ್ಲದಿದ್ದರೂ ಅಪ್ಪನ ಜೊತೆ ಒಂದೇ ಬ್ಯಾರಕ್ಕಿನಲ್ಲಿ ಮಲಗಿದವರು ಪಕ್ಕದ ತಾಲ್ಲೂಕಿನಲ್ಲೇ ಇರಬಹುದು. ರೆಕಾರ್ಡ್ಸ್ ಕಚೇರಿಯ ಉತ್ತರ ಬರುವಷ್ಟರಲ್ಲಿ, ಒಂದು ಭಾನುವಾರ ನೋಟ್‌ಪುಸ್ತಕ ಹಿಡಿದು ಅವರ ಮನೆಗೆ ಹೋಗಿ ಬರಬಹುದಲ್ಲ?